ಪ್ಯಾಸೇಜಿನಲ್ಲಿ ಸೈಕಲ್ ಸವಾರಿ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಮನೆಯೊಳಗೆ ಸೈಕಲ್ ತುಳಿಯುವ ಯಂತ್ರದ ಬಗ್ಗೆ ಕಥೆ ಹೇಳಲು ಹೊರಟವರಿಗೆ ಅದನ್ನು ಏರಿ ಗೊತ್ತಿರಬೇಕು, ಇಲ್ಲವೇ ಅದರ ನಟ್ಟು ಬೋಲ್ಟಾದರೂ ಗೊತ್ತಿರಬೇಕು. ಇಲ್ಲಿ ಎರಡೂ ಇಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಹೇಳುವ ಪ್ರಯತ್ನವಷ್ಟೇ. ಎಲ್ಲಾದರೂ ಹೆಚ್ಚುಕಮ್ಮಿಯಾದರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಬೀದಿಯವರೆಲ್ಲ ಅವಳನ್ನು ಕನ್ನಡಕದಕ್ಕ ಅನ್ನುತ್ತಿದ್ದರು. ಕನ್ನಡಕದ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಬಂದವರ ಮೂಗಿನ ಮೇಲೆ ಭಾರದ ಫ್ರೇಮು ಕೂರಿಸಿ, ಅದರೊಳಗೆ ಒಂದೊಂದೇ ಗಾಜು ಇಳಿಬಿಡುತ್ತಾ ಅವಳು ದಿನವಿಡೀ ಕೇಳುವುದು ಒಂದೇ ಪ್ರಶ್ನೆ: "ಇದಾ, ಅದಾ?" ಕೇಳಿ ಕೇಳಿ ಅದು ನಾಲಿಗೆಗೆ ಅಂಟಿಕೊಂಡಿತ್ತು. ಮನೆಯಲ್ಲಿ ಎರಡು ದಿಂಬಿನ ಚೀಲ ಹಿಡಿದು ನಿಂತರೂ ಅದೇ ಪ್ರಶ್ನೆ, ಅದೇ ರಾಗ. ಅತ್ತೆ ಒಮ್ಮೆ ರೇಗಿ, "ನನ್ನ ಮುಂದೆ ಗಾಜು ಹಿಡೀಬೇಡಮ್ಮ, ಯಾವುದಾದರೂ ಒಂದು ಹಾಕು," ಅಂದಿದ್ದರು.

ಅವಳ ಕೆಲಸದಲ್ಲಿ ಒಂದು ಸಣ್ಣ ಕಳ್ಳಾಟವೂ ಇತ್ತು. ಕೆಲವರು ಪರೀಕ್ಷೆ ಅಂದರೆ ಹೆದರಿ, ಏನಾದರೊಂದು ಹೇಳಿ ಎದ್ದುಬಿಡೋಣ ಅನ್ನುವವರು. ಅಂಥವರ ಮೇಲೆ ಅನುಮಾನ ಬಂದರೆ ಅವಳು ಗಾಜನ್ನು ತೆಗೆದು, ಟಕ್ ಎಂದು ಸದ್ದು ಮಾಡಿ, ಅದೇ ಗಾಜನ್ನೇ ಮತ್ತೆ ಹಾಕಿ "ಇದಾ, ಅದಾ?" ಎನ್ನುವಳು. "ಎರಡೂ ಒಂದೇ ಥರ" ಅಂದರೆ ಆ ಮನುಷ್ಯನ ಮಾತನ್ನು ನಂಬಬಹುದು. "ಈಗಿನದು ಚೆನ್ನಾಗಿದೆ" ಅಂದರೆ ಮುಗಿಯಿತು. ಅಲ್ಲಿಯವರೆಗೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ. ಆಗ ಅವಳು ಗಾಜಿನ ಪೆಟ್ಟಿಗೆ ಮುಚ್ಚಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, "ಈಗ ಹೇಳಿ, ಏನು ತೊಂದರೆ?" ಎಂದು ಮೊದಲಿನಿಂದ ಶುರುಮಾಡುವಳು. ಈ ಗುಟ್ಟನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ ನೆನಪಂತೂ ಇರಲಿಲ್ಲ.

ಗಂಡ ಲಿಫ್ಟ್ ಮೆಕ್ಯಾನಿಕ್. ಬೀದಿಯ ಬಾಯಲ್ಲಿ ಲಿಫ್ಟಣ್ಣ. ಬೆನ್ನಿಗೆ ಸ್ಪ್ಯಾನರಿನ ಚೀಲ ನೇತುಹಾಕಿಕೊಂಡು ಈ ಕಟ್ಟಡದಿಂದ ಆ ಕಟ್ಟಡಕ್ಕೆ ಅವನು ಹೋಗುತ್ತಿದ್ದದ್ದು ಸೈಕಲ್ಲಿನಲ್ಲಿ. "ದಿನಾ ಮೇಲೆ ಕೆಳಗೆ ಹೋಗೋನು, ಒಂದಿಷ್ಟು ಮುಂದಕ್ಕೂ ಹೋಗಬೇಡವೇನ್ರಿ?" ಎಂದು ತಾನೇ ಹೇಳಿ ತಾನೇ ನಗುತ್ತಿದ್ದ. ಭಾನುವಾರ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಕಾಲುವೆ ದಂಡೆಯ ಮೇಲೆ ಸೈಕಲ್ ಹೊಡೆಯುತ್ತಿದ್ದರು. ಅವಳು ಮುಂದೆ, ಅವನು ಹಿಂದೆ ಶಿಳ್ಳೆ ಹಾಕುತ್ತಾ. ಶಿಳ್ಳೆಗೆ ರಾಗವೂ ಇರಲಿಲ್ಲ, ತಾಳವೂ ಇರಲಿಲ್ಲ. ಆದರೆ ಅದು ಕೇಳುತ್ತಿರುವಷ್ಟು ಹೊತ್ತು ಅವಳು ತಿರುಗಿ ನೋಡಬೇಕಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಅವನಿಗೆ ನಾಯಿ ಅಡ್ಡ ಬಂತು. ನಾಯಿಗೆ ಏನೂ ಆಗಲಿಲ್ಲ. ಅದು ಒಂದು ಸಲ ಮೈ ಕೊಡವಿಕೊಂಡು ತನ್ನ ಕೆಲಸಕ್ಕೆ ಹೋಯಿತು. ಲಿಫ್ಟಣ್ಣ ಮಾತ್ರ ಹೆಗಲ ಮೂಳೆ ಮುರಿದುಕೊಂಡು ಮನೆಗೆ ಬಂದ. ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು, ಮತ್ತೆ ಸ್ಪ್ಯಾನರು ಹಿಡಿದ. ಸೈಕಲ್ ಮಾತ್ರ ಮುಟ್ಟಲಿಲ್ಲ. ಒಂದು ವಾರ ಗಾಳಿ ಜೋರು ಅಂದ, ಇನ್ನೊಂದು ವಾರ ಬ್ರೇಕಿನ ವಯರು ಸರಿಯಿಲ್ಲ ಅಂದ, ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟು ಸುಮ್ಮನೆ ಬಸ್ಸು ಹತ್ತಿದ. ಸೈಕಲ್ಲು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡಾಯಿತು. ಕನ್ನಡಕದಕ್ಕ ಭಾನುವಾರ ಒಬ್ಬಳೇ ಹೋಗತೊಡಗಿದಳು. ಶಿಳ್ಳೆ ಇಲ್ಲದ್ದರಿಂದ ಅಭ್ಯಾಸ ತಪ್ಪಿ ತಿರುಗಿ ತಿರುಗಿ ನೋಡುತ್ತಾ ಒಂದು ಸಲ ಕಾಲುವೆಯೊಳಕ್ಕೇ ಇಳಿಯುವುದರಲ್ಲಿದ್ದಳು.

ಇಷ್ಟಾದರೂ ಅವಳು ಸುಮ್ಮನಿದ್ದಳು. ಆದರೆ ಒಂದು ಸಂಜೆ ಅವಳ ತಮ್ಮ ಫೋನು ಮಾಡಿ, "ಅಕ್ಕಾ, ಭಾವ ಸೈಕಲ್ಲು ನನಗೇ ಕೊಡ್ತಾರಂತೆ! ತಿಂಗಳ ಕೊನೇ ಭಾನುವಾರ ಬಂದು ತಗೊಂಡು ಹೋಗ್ತೀನಿ," ಅಂದಾಗ ಅವಳಿಗೆ ಕಾಲ ಕೆಳಗಿನ ನೆಲ ಸರಿದಂತಾಯಿತು. ಸೈಕಲ್ಲು ಬಾಲ್ಕನಿಯಲ್ಲಿ ಇರುವಷ್ಟು ದಿನ ಇವತ್ತಲ್ಲ ನಾಳೆ ಎಂಬ ಆಸೆಯಿತ್ತು. ಮನೆ ಬಿಟ್ಟು ಹೋಯಿತೆಂದರೆ ಅವನೂ ಮತ್ತೆ ಹತ್ತುವುದಿಲ್ಲ, ಶಿಳ್ಳೆಯೂ ಇಲ್ಲ, ಭಾನುವಾರವೂ ಇಲ್ಲ.

ಊಟದ ಹೊತ್ತಿಗೆ ಅವಳು ಮೆಲ್ಲಗೆ ಮಾತು ತೆಗೆದಳು.

"ರೀ, ಡಾಕ್ಟರು ತೂಕ ಇಳಿಸಬೇಕು ಅಂದ್ರಲ್ಲ. ಸೈಕಲ್ಲನ್ನ ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ ಮನೇಲೇ ತುಳಿಯೋ ಯಂತ್ರ ಬಂದಿದೆಯಂತೆ. ನೋಡೋಣವಾ?"

"ಆಗಲಿ," ಅಂದ.

"ಇಷ್ಟ ಇದೆಯಾ, ಸುಮ್ಮನೆ ಅಂತಿದ್ದೀರಾ?"

"ಆಗಲಿ ಅಂದೆನಲ್ಲ."

ಅತ್ತೆ ತಟ್ಟೆಯಿಂದ ತಲೆಯೆತ್ತಿದರು. "ಮನೆಯೊಳಗೆ ಸೈಕಲ್ಲಾ? ಎಲ್ಲಿಗೆ ಹೋಗ್ತಾನಂತೆ?"

"ಎಲ್ಲಿಗೂ ಹೋಗಲ್ಲ ಅತ್ತೆ. ಇದ್ದಲ್ಲೇ ತುಳಿಯೋದು."

"ಇದ್ದಲ್ಲೇ ಇರೋದಕ್ಕೆ ಸೈಕಲ್ ಯಾಕಮ್ಮ? ನಾನಿಲ್ವಾ, ಕುರ್ಚೀಲೇ ಇದ್ದೀನಿ."

ಆ "ಆಗಲಿ" ಕನ್ನಡಕದಕ್ಕನಿಗೆ ಹಿಡಿಸಲಿಲ್ಲ. ಅವಳ ಕೋಣೆಗೆ ಬರುವವರಲ್ಲಿ ಎಲ್ಲದಕ್ಕೂ ಆಗಲಿ ಅನ್ನುವವರೇ ಆಮೇಲೆ ಕನ್ನಡಕ ವಾಪಸು ತರುವವರು. ಆದರೂ ಮುಂದಿನ ರಜೆಯ ದಿನ ಇಬ್ಬರೂ ಸೈಕಲ್ಲನ್ನು ಕೈಯಲ್ಲೇ ತಳ್ಳಿಕೊಂಡು ಅಂಗಡಿಗೆ ಹೋದರು. ಹ್ಯಾಂಡಲ್ ಹಿಡಿದದ್ದು ಅವಳು. ಅವನು ಕರುವನ್ನು ಬಿಟ್ಟುಬರಲು ಹೋಗುವವನಂತೆ ಸೀಟಿನ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಡೆದ.

ಸೈಕಲ್ ಅಂಗಡಿಯಾಕೆ ಗಟ್ಟಿ ಹೆಂಗಸು, ಉಗುರಿನ ಸಂದಿಯಲ್ಲಿ ಗ್ರೀಸು, ಬಾಯಿ ಬಿಟ್ಟರೆ ನಿಲ್ಲುತ್ತಿರಲಿಲ್ಲ. "ಬನ್ನಿ ಬನ್ನಿ, ಯಾರಿಗೆ? ಇವರಿಗಾ? ನೋಡಿ, ಇದರಲ್ಲಿ ಹಿಂದಿನ ಚಕ್ರ ಸ್ಟ್ಯಾಂಡಿಗೆ ಬಿಗೀತೀವಿ, ಟೈರು ಈ ಉರುಳೆ ಮೇಲೆ ತಿರುಗುತ್ತೆ. ಒಳಗೆ ಅಯಸ್ಕಾಂತ. ಸ್ವಲ್ಪ ಗಲಾಟೆ ಜಾಸ್ತಿ, ಕೆಳಗಿನ ಮನೆಯವರ ಜತೆ ಚೆನ್ನಾಗಿದ್ದೀರಿ ತಾನೇ? ಇದು ಅದೇ ಥರದ್ದು, ಆದರೆ ಒಳಗೆ ಎಣ್ಣೆ. ಜೋರಾಗಿ ತುಳಿದಷ್ಟೂ ತಾನಾಗೇ ಬಿಗಿ ಆಗುತ್ತೆ. ಇನ್ನು ಇದು ರಾಜ! ಹಿಂದಿನ ಚಕ್ರವನ್ನೇ ಕಳಚಿ ಚೈನನ್ನ ಯಂತ್ರಕ್ಕೇ ಹಾಕೋದು. ಸದ್ದೇ ಇಲ್ಲ. ಟೀವಿಗೆ ಜೋಡಿಸಿದ್ರೆ ಬೆಟ್ಟ ತೋರಿಸುತ್ತೆ, ಬೆಟ್ಟ ಬಂದಾಗ ಪೆಡಲು ಭಾರ ಆಗುತ್ತೆ."

"ಬೆಟ್ಟ ಇಳಿಯೋವಾಗ?" ಲಿಫ್ಟಣ್ಣ ಮೊದಲ ಸಲ ಬಾಯಿಬಿಟ್ಟ.

"ಹಗುರ ಆಗುತ್ತೆ."

"ನಮ್ಮ ಲಿಫ್ಟಿನ ಹಾಗೇ ಅನ್ನಿ," ಅಂದ.

ಕನ್ನಡಕದಕ್ಕ ಮೂರನ್ನೂ ಸುತ್ತಿ ನೋಡಿದಳು. ತಪ್ಪು ಆರಿಸಿಬಿಟ್ಟರೆ ಎಂಬ ಭಯ ಅವಳಿಗೆ. ಯಂತ್ರ ಮನೆಗೆ ಬಂದು ಮೂಲೆ ಸೇರಿದರೆ ಸೈಕಲ್ಲು ಖಂಡಿತ ತಮ್ಮನ ಪಾಲು. ಕೊನೆಗೆ ಅವಳಿಗೆ ಗೊತ್ತಿದ್ದ ಒಂದೇ ದಾರಿಯನ್ನು ಹಿಡಿದಳು. ಹೆಗಲ ಮೇಲಿದ್ದ ಶಾಲು ತೆಗೆದಳು.

"ರೀ, ಕಣ್ಣು ಕಟ್ತೀನಿ."

"ಏನೇ ಇದು, ಅಂಗಡೀಲಿ!"

"ಯಾವುದರ ಮೇಲೆ ಕೂತಿದ್ದೀರಿ ಅಂತ ಗೊತ್ತಾಗಬಾರದು. ಕಣ್ಣು ನೋಡಿದ್ರೆ ಕಾಲು ಸುಳ್ಳು ಹೇಳುತ್ತೆ."

ಅಂಗಡಿಯಾಕೆಗೆ ಇದು ಭಾರಿ ಇಷ್ಟವಾಯಿತು. ಕೈ ಒರೆಸಿಕೊಂಡು ಓಡಾಡಿ ಒಂದಾದ ಮೇಲೊಂದಕ್ಕೆ ಸೈಕಲ್ಲು ಸಿಕ್ಕಿಸಿದಳು. ಪ್ರತಿ ಸಲವೂ ಕನ್ನಡಕದಕ್ಕ ಗಂಡನ ಕೈ ಹಿಡಿದು ಕರೆತಂದು ಕೂರಿಸಿದಳು. ಅವನು ಮದುವೆ ಗಂಡಿನ ಹಾಗೆ ತಲೆ ತಗ್ಗಿಸಿ ಬಂದು ಕೂತು ತುಳಿದ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

"ಇದಾ, ಅದಾ?"

"ಎರಡನೇದು."

"ಈಗ? ಇದಾ, ಅದಾ?"

"ಇದೇ ಚೆನ್ನಾಗಿದೆ. ಈಗಿನದು."

ಅಲ್ಲಿಗೆ ರಾಜನೇ ಗೆದ್ದ ಹಾಗಾಯಿತು. ಅಂಗಡಿಯಾಕೆ ಪೆಟ್ಟಿಗೆ ತರಲು ತಿರುಗಿದಳು ಕೂಡ. ಆದರೆ ಕನ್ನಡಕದಕ್ಕನಿಗೆ ಗಂಡನ ಉತ್ತರಗಳು ಬೇಗ ಬರುತ್ತಿವೆ ಅನ್ನಿಸಿತು. ಯೋಚನೆ ಮಾಡದೆ, ಪ್ರತಿ ಸಲವೂ ಈಗಿನದೇ. ಅವಳು ಅಂಗಡಿಯಾಕೆಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಗಂಡನನ್ನು ಇಳಿಸಿ ಅಂಗಡಿಯ ಆ ತುದಿಯವರೆಗೂ ನಡೆಸಿದಳು. ಇತ್ತ ಅಂಗಡಿಯಾಕೆ ಸೈಕಲ್ಲನ್ನು ತೆಗೆದು, ಖಣಖಣ ಸದ್ದು ಮಾಡಿ, ಅದೇ ಯಂತ್ರಕ್ಕೇ ಮತ್ತೆ ಹಾಕಿದಳು. ಅವನು ಬಂದು ಕೂತು ತುಳಿದ.

"ಇದಾ, ಅದಾ?"

ಈ ಸಲ ಅವನು ಇನ್ನೂ ನಾಲ್ಕು ಸುತ್ತು ತುಳಿದ. ಪೆಡಲು ತಿರುಗುತ್ತಲೇ ಇತ್ತು.

"ಇದು," ಅಂದ. "ಮೊದಲಿನದಕ್ಕಿಂತ ಇದು ಎಷ್ಟೋ ವಾಸಿ."

ಅಂಗಡಿಯಾಕೆಗೆ ನಗು ತಡೆಯಲಾಗಲಿಲ್ಲ. ಕನ್ನಡಕದಕ್ಕನಿಗೆ ನಗು ಬರಲಿಲ್ಲ. ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡು ಗಂಡನ ಎದುರಿಗೆ ಕೂತು, ಕೈ ಚಾಚಿ ಅವನ ಕಣ್ಣಿಗೆ ಕಟ್ಟಿದ ಶಾಲನ್ನು ಬಿಚ್ಚಿದಳು.

"ಈಗ ಹೇಳಿ. ಏನು ತೊಂದರೆ?"

ಅವನು ಹ್ಯಾಂಡಲಿನ ಮೇಲಿದ್ದ ತನ್ನ ಕೈಗಳನ್ನೇ ನೋಡಿದ. "ಯಾವುದಾದರೂ ಒಂದೇ ಕಣೇ. ಎಲ್ಲಾನೂ ಕಟ್ಟಿಹಾಕಿರೋ ಸೈಕಲ್ಲೇ. ಬೀಳಲ್ಲ."

"ಬೀಳದೇ ಇರೋದೇ ಅಲ್ವಾ ನಮಗೆ ಬೇಕಾಗಿರೋದು?"

"ಬೀಳದೇ ಇರೋ ಸೈಕಲ್ಲು ತುಳಿದು ಏನು ಬಂತು? ನನ್ನ ಕಾಲಿಗೆ ಏನೂ ಆಗಿಲ್ಲ. ಇವತ್ತು ಬೇಕಾದ್ರೂ ಬೆಟ್ಟ ಹತ್ತುತ್ತೆ. ಹೆದರಿರೋದು ಕೈ. ಹ್ಯಾಂಡಲ್ ಹಿಡಿದ ತಕ್ಷಣ ಆ ನಾಯಿ ಬರುತ್ತೆ. ಇಲ್ಲದಿರೋ ಕಡೇನೂ ಬರುತ್ತೆ." ಹ್ಯಾಂಡಲಿನಿಂದ ಕೈ ತೆಗೆದು, "ನೀನು ಇಷ್ಟು ಒದ್ದಾಡ್ತಿದ್ದೀಯಲ್ಲ ಅಂತ ಯಾವುದೋ ಒಂದು ಹೇಳಿದೆ," ಅಂದ.

ಮಾತಿನ ಮಲ್ಲಿ ಅಂಗಡಿಯಾಕೆ ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ಇನ್ನೊಂದು ಇದೆ. ಆದರೆ ನಾನಾಗಿ ಯಾರಿಗೂ ಹೇಳಲ್ಲ," ಅಂದಳು.

ಅದು ಬಾಗಿಲ ಹಿಂದೆ ಗೋಡೆಗೆ ಒರಗಿತ್ತು. ಅದರ ಮೇಲೆ ಯಾರೋ ಕೊಡೆ ನೇತುಹಾಕಿದ್ದರು. ಏಣಿಯಂಥ ಒಂದು ಚೌಕಟ್ಟು, ಅದರಲ್ಲಿ ಮೂರು ಉರುಳೆ: ಎರಡು ಹಿಂದಿನ ಚಕ್ರಕ್ಕೆ, ಒಂದು ಮುಂದಿನದಕ್ಕೆ, ನಡುವೆ ಒಂದು ಬೆಲ್ಟು. "ರೋಲರ್ ಅಂತಾರೆ. ಸೈಕಲ್ಲನ್ನ ಎಲ್ಲೂ ಬಿಗಿಯಲ್ಲ. ಸುಮ್ಮನೆ ಮೇಲೆ ಇಡೋದು, ಹತ್ತಿ ತುಳಿಯೋದು. ಎರಡೂ ಚಕ್ರ ಕೆಳಗೆ ಓಡುತ್ತೆ, ನೀವು ಇದ್ದಲ್ಲೇ ಇರ್ತೀರಿ. ಆದರೆ ಹ್ಯಾಂಡಲ್ ನೀವೇ ಸಂಭಾಳಿಸಬೇಕು. ತಪ್ಪಿದ್ರೆ ಪಕ್ಕಕ್ಕೆ ಬೀಳ್ತೀರಿ. ಆಮೇಲೆ ನನ್ನ ಮೇಲೆ ಜಗಳಕ್ಕೆ ಬರಬೇಡಿ."

ಲಿಫ್ಟಣ್ಣ ಕೂತು ಉರುಳೆಯನ್ನು ಬೆರಳಿನಿಂದ ತಿರುಗಿಸಿದ. ಬೆಲ್ಟು ಎಳೆದು ನೋಡಿದ. ಬೇರಿಂಗಿಗೆ ಕಿವಿಯಿಟ್ಟ. ಅಷ್ಟು ದಿನಗಳಲ್ಲಿ ಅವನು ಒಂದು ವಸ್ತುವನ್ನು ಹಾಗೆ ಮುಟ್ಟಿದ್ದನ್ನು ಕನ್ನಡಕದಕ್ಕ ನೋಡಿರಲಿಲ್ಲ. ಒಂದು ಕಡೆ ಬೀಳದ ಯಂತ್ರಗಳು ಮೂರು. ಇನ್ನೊಂದು ಕಡೆ, ಬೀಳಬಹುದಾದದ್ದು ಒಂದು. ಅವನ ಹೆಗಲನ್ನು ನೋಡಿದಳು. ಅವನ ಬೆರಳನ್ನು ನೋಡಿದಳು.

"ಇದಾ, ಅದಾ?" ಅವನೇ ಕೇಳಿದ.

"ಇದೇ," ಅಂದಳು. ಅವಳಿಗೆ ಬೇಕಾದದ್ದು ಅದೇ ಆಗಿರಲಿಲ್ಲ. ಆದರೂ ಅಂದಳು.

ರೋಲರನ್ನು ಎಲ್ಲಿ ಹಾಕುವುದು ಎನ್ನುವುದು ಮನೆಗೆ ಬಂದ ಮೇಲೆ ಎದ್ದ ಪ್ರಶ್ನೆ. ಅದನ್ನು ಲಿಫ್ಟಣ್ಣ ಕ್ಷಣದಲ್ಲಿ ಬಗೆಹರಿಸಿದ. ಹಜಾರದಿಂದ ಅಡುಗೆಮನೆಗೆ ಹೋಗುವ ಪ್ಯಾಸೇಜು ಕಿರಿದು. ಎರಡೂ ಮೊಣಕೈ ಸ್ವಲ್ಪ ಅಗಲಿಸಿದರೆ ಗೋಡೆ ಸಿಗುತ್ತಿತ್ತು. "ಲಿಫ್ಟಿಗೂ ಎರಡು ಕಡೆ ಕಂಬಿ ಇರುತ್ತೆ ನೋಡು. ಹಾಗಾಗೇ ಅದು ಎಷ್ಟು ಮೇಲೆ ಹೋದ್ರೂ ಜನ ಹೆದರಲ್ಲ," ಅಂದ. ಚೀಲದಿಂದ ರಸಮಟ್ಟ ತೆಗೆದು, ನೆಲದ ಓರೆ ನೋಡಿ, ಒಂದು ಮೂಲೆಗೆ ರಟ್ಟಿನ ತುಂಡು ಮಡಚಿ ಕೊಟ್ಟ. ಹತ್ತುವುದಕ್ಕೆ ಒಂದು ಮಣೆ ಇಟ್ಟ.

ಅತ್ತೆ ಹಜಾರದ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಸರ್ಕಸ್ಸಿಗೆ ಬಂದವರಂತೆ ಕೂತರು.

ಮೊದಲ ದಿನ ಅವನು ತುಳಿದದ್ದಕ್ಕಿಂತ ಗೋಡೆಗೆ ಒರಗಿದ್ದೇ ಹೆಚ್ಚು. ಪೆಡಲು ಒತ್ತುವುದು, ಹ್ಯಾಂಡಲು ನಡುಗುವುದು, ಮೊಣಕೈ ಗೋಡೆಗೆ ಬಡಿಯುವುದು. ಎರಡನೆಯ ದಿನವೂ ಅದೇ. ಸುಣ್ಣದ ಗೋಡೆಯ ಮೇಲೆ ಉದ್ದಕ್ಕೂ ಕಪ್ಪು ಗೀರು ಬಿತ್ತು.

"ಸುಣ್ಣ ಹೊಡೆಯೋನು ನೀನೇ ಕಣೋ, ಈಗಲೇ ಹೇಳಿದ್ದೀನಿ," ಅತ್ತೆ ಕೂಗಿದರು. "ಮತ್ತೆ ನಾನು ಅಡುಗೆಮನೆಗೆ ಹೋಗೋದು ಹೇಗೆ? ರೈಲ್ವೆ ಗೇಟು ಹಾಕಿದ ಹಾಗೆ ಕೂತಿದ್ದೀನಿ."

"ಗಾಡಿ ಹೋಗಲಿ ಇರಮ್ಮ."

"ನಿನ್ನ ಗಾಡಿ ಹೋದ ಹಾಗೇ ಇದೆ!"

ಕನ್ನಡಕದಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪ್ರತಿ ಸಲ ಮೊಣಕೈ ಬಡಿದಾಗಲೂ ಅವಳ ಹೆಗಲೇ ನೋಯುತ್ತಿತ್ತು. ತಾನು ಆರಿಸಿದ್ದು ತಪ್ಪಾಯಿತೇ, ಆ ರಾಜನನ್ನೇ ತಂದಿದ್ದರೆ ಇಷ್ಟು ಹೊತ್ತಿಗೆ ಬೆಟ್ಟವಾದರೂ ಹತ್ತುತ್ತಿದ್ದನಲ್ಲ ಎಂದು ಒಳಗೊಳಗೇ ಕೊರಗಿದಳು. ಹಾಗೆ ನೋಡುತ್ತಾ ನಿಂತಿದ್ದಾಗ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ಅವನು ನೋಡುತ್ತಿದ್ದದ್ದು ಮುಂದಿನ ಚಕ್ರವನ್ನು. ನಾಯಿ ಎಲ್ಲಿಂದ ಬರುತ್ತದೋ ಎಂದು ಕಾಯುವವನ ಹಾಗೆ ಚಕ್ರದ ಬುಡವನ್ನೇ ನೋಡುತ್ತಿದ್ದ. ನೋಡಿದಷ್ಟೂ ಚಕ್ರ ನಡುಗುತ್ತಿತ್ತು.

ಮರುದಿನ ಅವಳು ಕನ್ನಡಕದ ಅಂಗಡಿಯಿಂದ ಬರುವಾಗ ಕಂಕುಳಲ್ಲಿ ಒಂದು ರಟ್ಟು ಇತ್ತು. ಅಂಗಡಿಯವರು ಹೊಸದು ತಂದ ಮೇಲೆ ಅಟ್ಟಕ್ಕೆ ಎಸೆದಿದ್ದ ಹಳೆಯ ಅಕ್ಷರದ ಫಲಕ. ಮೇಲೆ ದಪ್ಪ ಅಕ್ಷರ, ಕೆಳಕೆಳಗೆ ಹೋದಂತೆ ಸಣ್ಣದು. ಅದನ್ನು ಅಡುಗೆಮನೆಯ ಆಚೆ ಗೋಡೆಗೆ, ಒಲೆಯ ಪಕ್ಕದಲ್ಲಿ, ಅವನ ಕಣ್ಣಿನ ಮಟ್ಟಕ್ಕೆ ಮೊಳೆ ಹೊಡೆದು ನೇತುಹಾಕಿದಳು.

"ಓದಿ."

"ಸೈಕಲ್ ಮೇಲಾ?"

"ಹೂಂ. ಮೇಲಿನ ಸಾಲಿಂದ."

"ಠ... ಗ..." ಮೊಣಕೈ ಗೋಡೆಗೆ ಬಡಿಯಿತು. ಮತ್ತೆ ಸರಿಯಾದ. "ಗ... ಮ..."

"ಕೆಳಗೆ ನೋಡಬೇಡಿ. ಅಲ್ಲಿ ನಾಯಿ ಇಲ್ಲ. ಅತ್ತೆ ಇದ್ದಾರೆ, ಬಂದ್ರೆ ಅವರು ನೋಡ್ಕೋತಾರೆ."

"ಬರಲಿ, ಕೋಲು ತಗೊಂಡೇ ಕೂತಿದ್ದೀನಿ!" ಹಿಂದಿನಿಂದ ಅತ್ತೆಯ ದನಿ.

ಅವನು ನಕ್ಕ. ನಗುವಾಗ ಕೈ ಸಡಿಲವಾಯಿತು. ಕೈ ಸಡಿಲವಾದಾಗ ಹ್ಯಾಂಡಲು ನೆಟ್ಟಗಾಯಿತು. ರೋಲರಿನ ಗರಗರ ಸದ್ದು ನಿಧಾನವಾಗಿ ಒಂದೇ ಸಮನಾದ ಗುಂಯ್ ಆಯಿತು. ಎರಡನೆಯ ಸಾಲು ಓದಿದ. ಮೂರನೆಯ ಸಾಲಿಗೆ ಬಂದಾಗ ಎಡಗಡೆಗೆ ವಾಲಿದ, ಗೋಡೆಗೆ ತಾಗುವ ಮೊದಲೇ ತಾನೇ ತಿದ್ದಿಕೊಂಡ.

ದಿನ ಹೋದಂತೆ ಸಾಲುಗಳು ಕೆಳಗಿಳಿದವು. ಅಕ್ಷರವೆಲ್ಲ ಬಾಯಿಪಾಠವಾಯಿತು ಎಂದು ಅತ್ತೆಗೆ ಅನುಮಾನ ಬಂದದ್ದರಿಂದ ಅವಳು ಫಲಕವನ್ನು ತಲೆಕೆಳಗಾಗಿ ಹಾಕಿದಳು. ಅದನ್ನೂ ಓದಿದ.

ತಿಂಗಳ ಕೊನೆಯ ಭಾನುವಾರ ತಮ್ಮ ಬಂದ. ಸೈಕಲ್ಲು ಕಟ್ಟಲು ಹಗ್ಗವನ್ನೂ ತಂದಿದ್ದ. ಬಾಗಿಲು ತೆಗೆದು ಒಳಗೆ ಬಂದವನು ಪ್ಯಾಸೇಜಿನ ಬಾಯಲ್ಲಿ ಹಾಗೇ ನಿಂತ. ಎದುರಿಗೆ ಭಾವನ ಬೆನ್ನು, ಬೆವರಿನ ಬನಿಯನ್ನು, ಗುಂಯ್‌ಗುಡುವ ಚಕ್ರ. ಯಾವ ಗೋಡೆಗೂ ಮೊಣಕೈ ತಾಗುತ್ತಿರಲಿಲ್ಲ.

"ಭಾವಾ, ಎಲ್ಲಿಗೆ ಹೊರಟ್ರಿ?"

"ಅಡುಗೆಮನೆಗೆ. ಆಗಲೇ ಹೊರಟಿದ್ದೀನಿ, ಇನ್ನೂ ತಲುಪಿಲ್ಲ."

"ಹಾಗಾದ್ರೆ ನನಗೆ ಸೈಕಲ್ಲು?"

ಲಿಫ್ಟಣ್ಣ ತುಳಿಯುವುದನ್ನು ನಿಲ್ಲಿಸಲಿಲ್ಲ. "ತಲುಪಿದ ಮೇಲೆ ಹೇಳ್ತೀನಿ," ಅಂದ.

ತಮ್ಮ ಅಕ್ಕನ ಕಡೆ ನೋಡಿದ. ಅವಳು ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಯಾಕಕ್ಕಾ ಅಳ್ತಿದ್ದೀಯಾ?" ಅಂದ.

"ಈರುಳ್ಳಿ ಕಣೋ."

"ಈರುಳ್ಳಿ ಎಲ್ಲಿದೆ?"

"ಹೆಚ್ಚಬೇಕು ಇನ್ನೂ. ಬಾ, ನೀನೇ ಹೆಚ್ಚು."

ತಮ್ಮ ಪ್ಯಾಸೇಜು ದಾಟಲಾಗದೆ, ಅತ್ತೆಯ ಪಕ್ಕದಲ್ಲಿ ಕೂತು, ಹಗ್ಗವನ್ನು ಸುತ್ತಿ ಸುತ್ತಿ ಉಂಡೆ ಮಾಡಿದ. ಆಮೇಲೆ ಅದೇ ಹಗ್ಗವನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ತಂತಿಯ ಹಾಗೆ ಕಟ್ಟಿಕೊಟ್ಟು ಹೋದ. ಸೈಕಲ್ಲು ಇನ್ನು ಸ್ಟ್ಯಾಂಡಾಗಿ ಸಿಗುವುದಿಲ್ಲವಲ್ಲ.

ಅದರ ಮುಂದಿನ ಭಾನುವಾರ ಕನ್ನಡಕದಕ್ಕ ಎಂದಿನಂತೆ ತನ್ನ ಸೈಕಲ್ಲನ್ನು ಗೇಟಿನ ಹೊರಗೆ ತಂದಳು. ಕರೆಯಲಿಲ್ಲ. ಕರೆದರೆ ಎಲ್ಲಿ "ಆಗಲಿ" ಅನ್ನುತ್ತಾನೋ ಎಂಬ ಹೆದರಿಕೆ. ಬೆಲ್ಲು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆಗ ಮೆಟ್ಟಿಲ ಮೇಲೆ ಸೈಕಲ್ಲು ಇಳಿಸುವ ಸದ್ದು ಕೇಳಿತು, ಹಿಂದೆಯೇ ಅತ್ತೆಯ ಕೂಗು: "ಇವತ್ತಾದ್ರೂ ಪ್ಯಾಸೇಜು ಖಾಲಿ ಮಾಡ್ರಪ್ಪ!"

ಬೀದಿಯ ತಿರುವಿನವರೆಗೆ ಇಬ್ಬರೂ ತಳ್ಳಿಕೊಂಡೇ ಹೋದರು. ಅಲ್ಲಿ ಅವನು ನಿಂತ. ಸೀಟು ಒತ್ತಿ ನೋಡಿದ, ಬ್ರೇಕು ಹಿಡಿದು ನೋಡಿದ, ದೂರದ ಬೇಕರಿಯ ಬೋರ್ಡಿನ ಮೇಲೆ ಕಣ್ಣು ನೆಟ್ಟು ಅದರ ಅಕ್ಷರಗಳನ್ನು ಒಂದೊಂದಾಗಿ ಬಾಯಲ್ಲೇ ಹೇಳಿಕೊಂಡ. ಹತ್ತಿದ. ಅವಳು ಮುಂದೆ ಹೋದಳು. ತಿರುಗಿ ನೋಡಬಾರದು ಎಂದು ಹಲ್ಲು ಕಚ್ಚಿಕೊಂಡಳು. ಕಾಲುವೆ ದಂಡೆ ಬಂತು, ಆದರೂ ಸದ್ದಿಲ್ಲ. ಇನ್ನು ತಿರುಗಲೇಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ರಾಗವೂ ತಾಳವೂ ಇಲ್ಲದ ಶಿಳ್ಳೆ ಕೇಳಿತು.

ಸ್ವಲ್ಪ ದೂರ ಹೋದ ಮೇಲೆ ಅವಳು ತಿರುಗದೆಯೇ ಕೇಳಿದಳು: "ರೀ, ಆವತ್ತು ಅಂಗಡೀಲಿ ಕಣ್ಣು ಕಟ್ಟಿದ್ದಾಗ, ಕೊನೇ ಸಲ ಎರಡೂ ಒಂದೇ ಯಂತ್ರ. ಗೊತ್ತಿತ್ತಾ ನಿಮಗೆ?"

ಶಿಳ್ಳೆ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಗಾಳಿಗೆ ಅವಳ ಮಾತು ಅವನಿಗೆ ಕೇಳಿಸಲಿಲ್ಲವೋ ಏನೋ. ಕೇಳಿಸಿಯೂ ಸುಮ್ಮನಾದನೋ ಏನೋ. ಕಣ್ಣು ಪರೀಕ್ಷೆಯವಳ ಜತೆ ಅಷ್ಟು ವರ್ಷ ಸಂಸಾರ ಮಾಡಿದವನಿಗೆ ಅವಳ ಕಳ್ಳಾಟ ಯಾವತ್ತೋ ತಿಳಿದಿದ್ದು, ಹಾಗೆ ಉತ್ತರ ಕೊಟ್ಟರೆ ಅವಳು ಸ್ಟೂಲು ಎಳೆದುಕೊಂಡು ಎದುರಿಗೆ ಕೂತು ಕೇಳುತ್ತಾಳೆ ಎಂದು ಗೊತ್ತಿದ್ದೇ ಹಾಗೆ ಹೇಳಿದನೇ? ಇಲ್ಲ, ನಿಜವಾಗಿಯೂ ಬಾಯಿಗೆ ಬಂದದ್ದನ್ನು ಹೇಳಿದನೇ? ಅವಳು ಎರಡನೆಯ ಸಲ ಕೇಳಲಿಲ್ಲ. ಅವನೂ ಹೇಳಲಿಲ್ಲ. ಹಾಗಾಗಿ ಅದು ಅವಳಿಗೆ ಗೊತ್ತಿಲ್ಲ. ಈ ಕಥೆ ಹೇಳಿದವರಿಗೂ ಗೊತ್ತಿಲ್ಲ.